ಬಿಸಿನೆಸ್ ಚಾನೆಲ್‌ಗಳ ಪ್ಯಾಕ್: ಐದಕ್ಕೆ ಎರಡು ನಕ್ಷತ್ರ

ಕೇಬಲ್ ಬಿಲ್ಲಿನಲ್ಲಿ ಈ ಚಾನೆಲ್‌ಗಳಿಗೆ ಹೋಗುವ ಹಣ ಅಷ್ಟೇನೂ ದೊಡ್ಡದಲ್ಲ, ನನ್ನ ತಕರಾರು ಬೆಲೆಯದಲ್ಲ. ನಮ್ಮ ಯಜಮಾನರು ನಿವೃತ್ತರಾದ ಮೇಲೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಹಾಸನದ ನಮ್ಮ ಹಾಲ್‌ನಲ್ಲಿ ಮುಂಬೈ ಷೇರುಪೇಟೆಯ ದಲಾಲ್ ಸ್ಟ್ರೀಟ್ ನೆರೆದಿರುತ್ತದೆ. ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆದವಳು. ಯಾವುದೇ ಮೊತ್ತ ಕಂಡರೂ ಅದರ ಪಕ್ಕದಲ್ಲಿ ಏನನ್ನು ಬರೆದಿಲ್ಲ ಎಂದು ಹುಡುಕುವ ಚಟ ನನ್ನದು.

ಎರಡು ನಕ್ಷತ್ರ ಕೊಟ್ಟಿದ್ದಕ್ಕೆ ಕಾರಣವಿದೆ. ರಿಸರ್ವ್ ಬ್ಯಾಂಕ್ ಗವರ್ನರ್ ಬಡ್ಡಿದರ ಪ್ರಕಟಿಸುವುದನ್ನು, ಬಜೆಟ್ ಭಾಷಣವನ್ನು ಇವರು ಪೂರ್ತಿ ತೋರಿಸುತ್ತಾರೆ. ತ್ರೈಮಾಸಿಕ ಫಲಿತಾಂಶದ ದಿನ ಕಂಪನಿಯ ಮುಖ್ಯಸ್ಥರನ್ನು ಕೂರಿಸಿಕೊಂಡು ಕೆಲವು ನಿರೂಪಕರು ನಿಜಕ್ಕೂ ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ.

ಅಪಾಯದ ಮಾತು ಬಂದಾಗ ಮಾತ್ರ ಇವರ ತಕ್ಕಡಿ ನೆಟ್ಟಗಿರುವುದಿಲ್ಲ. 2024ರ ಜೂನ್ 4ನ್ನೇ ನೋಡಿ. ಶನಿವಾರ ಲೋಕಸಭೆ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಬಂದವು, ಸೋಮವಾರ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2,507 ಅಂಶ ಏರಿತು, ಮಂಗಳವಾರ ಮತ ಎಣಿಕೆಯಾಗುತ್ತಿದ್ದಂತೆ 4,390 ಅಂಶ ಕುಸಿಯಿತು. ಪರದೆಯೆಲ್ಲ ಕೆಂಪು. ಹೂಡಿಕೆದಾರರ ಸುಮಾರು 31 ಲಕ್ಷ ಕೋಟಿ ರೂಪಾಯಿ ಸಂಪತ್ತು ಕರಗಿತು ಎಂಬ ಶೀರ್ಷಿಕೆ ಬೇರೆ. ಅಂಶಗಳ ಲೆಕ್ಕದಲ್ಲಿ ಅದು 2020ರ ಮಾರ್ಚ್ 23ರ ಕುಸಿತಕ್ಕಿಂತ ದೊಡ್ಡದು. ಅಂದು ಬಿದ್ದದ್ದು 3,935 ಅಂಶ. ಶೇಕಡಾವಾರು ಲೆಕ್ಕ ಹಾಕಿದರೆ ಕೊರೊನಾ ಕಾಲದ ಆ ಸೋಮವಾರದ್ದು ಶೇ 13ಕ್ಕೂ ಹೆಚ್ಚು, ವಹಿವಾಟನ್ನೇ 45 ನಿಮಿಷ ನಿಲ್ಲಿಸಬೇಕಾಗಿತ್ತು. 2024ರದ್ದು ಶೇ 6ರೊಳಗೆ. ಹರ್ಷದ್ ಮೆಹ್ತಾ ಹಗರಣದ ಬಿಸಿಯಲ್ಲಿ, 1992ರ ಏಪ್ರಿಲ್ 28ರಂದು ಬಿದ್ದದ್ದು ಬರೀ 570 ಅಂಶ, ಆದರೆ ಅದೂ ಶೇ 12ರ ಮೇಲೆ. ಐದನೇ ತರಗತಿಯ ಮಕ್ಕಳು ಮಾಡುವ ಭಾಗಾಕಾರವನ್ನು ಸೂಟು ತೊಟ್ಟ ಆರು ಮಂದಿ ಮಾಡದೆ ಕೂಗಾಡುವುದನ್ನು ನೋಡಲು ನಾವು ದುಡ್ಡು ಕೊಡುತ್ತಿದ್ದೇವೆ.

"ನಿಫ್ಟಿಯ 22 ಸಾವಿರದ ಸಪೋರ್ಟ್ ಮುರಿಯಿತು" ಎಂದು ನಮ್ಮ ಯಜಮಾನರು ಅಂದು ಊಟ ಬಿಟ್ಟು ಎದ್ದರು. ನಿಫ್ಟಿ ಎಂದರೆ ಇನ್ನೊಂದು ಸೂಚ್ಯಂಕ, ಸಪೋರ್ಟ್ ಎಂದರೆ ಅದಕ್ಕಿಂತ ಕೆಳಗೆ ಇಳಿಯದು ಎಂದು ಇವರು ನಂಬಿದ ಮಟ್ಟ. "ಮ್ಯೂಚುವಲ್ ಫಂಡಿಗೆ ಹಾಕಿದ ದುಡ್ಡು ನಮಗೆ ಬೇಕಾಗುವುದು ಯಾವಾಗ?" ಎಂದೆ. ಐದಾರು ವರ್ಷವಾದರೂ ಬೇಕಿಲ್ಲ. ಅದೇ ಶುಕ್ರವಾರ ಸೆನ್ಸೆಕ್ಸ್ 76,600 ದಾಟಿ ಹೊಸ ದಾಖಲೆಯಲ್ಲಿ ಮುಗಿಯಿತು. ಹಣ ಯಾವಾಗ ಬೇಕು, ಸಾಲದ್ದೋ ಸ್ವಂತದ್ದೋ ಎಂದು ವೀಕ್ಷಕರನ್ನು ಕೇಳುವ ನಿರೂಪಕರು ನನಗೆ ಅಪರೂಪಕ್ಕೆ ಸಿಕ್ಕಿದ್ದಾರೆ.

ಕೂಗಬೇಕಾದ ವಿಷಯವನ್ನು ಮೆಲ್ಲಗೆ ಹೇಳುವುದು ಇನ್ನೂ ಕೆಟ್ಟದ್ದು. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ, ಅಂದರೆ ಷೇರು, ಸೂಚ್ಯಂಕಗಳ ಮುಂದಿನ ಬೆಲೆಯ ಮೇಲೆ ಮಾಡಿಕೊಳ್ಳುವ ಒಪ್ಪಂದಗಳಲ್ಲಿ, ಮೂರು ಹಣಕಾಸು ವರ್ಷಗಳಲ್ಲಿ ವ್ಯವಹರಿಸಿದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅದು ಒಂದು ದಿನದ ಸುದ್ದಿಯಾಯಿತು. ಮರುದಿನ ಬೆಳಿಗ್ಗೆ ಅದೇ ಪರದೆಯಲ್ಲಿ ಯಾವ ಕಾಲ್ (ಬೆಲೆ ಏರುತ್ತದೆಂದು ಕೊಳ್ಳುವ ಆಪ್ಷನ್) ಕೊಳ್ಳಬೇಕು, ಟಾರ್ಗೆಟ್ ಎಷ್ಟು, ಸ್ಟಾಪ್‌ಲಾಸ್ (ನಷ್ಟ ಹೆಚ್ಚದಂತೆ ಮಾರಿ ಹೊರಬರುವ ಬೆಲೆ) ಎಷ್ಟು ಎಂಬ ಪಾಠ. ಪರದೆಯ ಅಡಿಯಲ್ಲಿ ಓಡುವ ಎಚ್ಚರಿಕೆಯ ಸಾಲನ್ನು ಕನ್ನಡಕ ಹಾಕಿಕೊಂಡರೂ ಓದಲಾಗುವುದಿಲ್ಲ. ನಡುನಡುವೆ ಟ್ರೇಡಿಂಗ್ ಆ್ಯಪ್‌ಗಳ ಜಾಹೀರಾತು. ಜಾಹೀರಾತಿಗೆ ದುಡ್ಡು ಕೊಡುವವರಿಗೆ ನಾವು ಹೆಚ್ಚು ವಹಿವಾಟು ಮಾಡಿದಷ್ಟೂ ಲಾಭ.

ಅತಿಥಿ ತಜ್ಞರ ಬಗ್ಗೆಯೂ ಒಂದು ಮಾತು. ವಾಹಿನಿಯೊಂದರಲ್ಲಿ ಶಿಫಾರಸು ಮಾಡುವ ಮೊದಲೇ ಅದರ ಸುಳಿವನ್ನು ತಮ್ಮವರಿಗೆ ಕೊಟ್ಟು ಲಾಭ ಮಾಡಿಕೊಂಡರು ಎಂಬ ಆರೋಪದ ಮೇಲೆ ಸೆಬಿ 2024ರ ಫೆಬ್ರುವರಿಯಲ್ಲಿ ಮಧ್ಯಂತರ ಆದೇಶ ಹೊರಡಿಸಿ, 7 ಕೋಟಿ ರೂಪಾಯಿಗೂ ಹೆಚ್ಚು ಮೊತ್ತವನ್ನು ತಡೆಹಿಡಿಯಿತು. ಎಲ್ಲ ತಜ್ಞರೂ ಹಾಗೆಯೇ ಎಂದು ನಾನು ಹೇಳುವುದಿಲ್ಲ. ಆದರೆ "ಈ ಷೇರು ನನ್ನಲ್ಲಿ ಇಲ್ಲ" ಎಂದು ಯಾರಾದರೂ ನಗುತ್ತ ಹೇಳಿದರೆ, ಮನೆಯವರಲ್ಲಿ ಇದೆಯೇ ಎಂದು ಟಿವಿಯನ್ನೇ ಕೇಳುತ್ತೇನೆ.

ದಿನವಿಡೀ ವಹಿವಾಟು ಮಾಡುವುದೇ ಕಸುಬಾದವರು ಈ ಪ್ಯಾಕ್ ಹಾಕಿಸಿಕೊಳ್ಳಲಿ. ಫಂಡಿಗೆ ತಿಂಗಳಿಗೊಮ್ಮೆ ಎಸ್‌ಐಪಿ ಕಂತು ಕಟ್ಟುವ ನಮ್ಮಂಥವರಿಗೆ ಪತ್ರಿಕೆಯ ವಾಣಿಜ್ಯ ಪುಟ ಸಾಕು. ನಮ್ಮ ಮನೆಯಲ್ಲಿ ಪ್ಯಾಕ್ ಉಳಿದಿದೆ, ಯಜಮಾನರ ಹಟ. ಊಟದ ಹೊತ್ತಿನಲ್ಲಿ ಧ್ವನಿ ಇರಬಾರದು ಎಂಬ ನನ್ನ ಷರತ್ತಿಗೆ ಒಪ್ಪಿದ್ದಾರೆ.