1098: ಕರೆ ಸಿಗುತ್ತದೆ, ಕನ್ನಡ ಸಿಗುವುದಿಲ್ಲ

ಮುಂಬೈ, ಪುಣೆ ಕಡೆ ಇರುವ ನಮ್ಮವರ ಫೋನಿನಲ್ಲಿ ಇರಲೇಬೇಕಾದ ನಂಬರ್ 1098. ಮಕ್ಕಳ ಸಹಾಯವಾಣಿ. ದುಡ್ಡು ಬೀಳುವುದಿಲ್ಲ, ನಡುರಾತ್ರಿ ಮಾಡಿದರೂ ಎತ್ತುತ್ತಾರೆ.

ನಾನು ಇದಕ್ಕೆ ಕರೆ ಮಾಡಿದ್ದು ದಾದರ್ ಸ್ಟೇಷನ್ನಿನಿಂದ. ಸೊಲ್ಲಾಪುರದ ಕಡೆಯಿಂದ ಬಂದ ರೈಲು ಇಳಿದು ಹತ್ತು ವರ್ಷದ ಹುಡುಗನೊಬ್ಬ ಒಬ್ಬನೇ ನಿಂತಿದ್ದ. ನಾನು ಮನೆಗೆ ಫೋನ್ ಮಾಡುತ್ತಿದ್ದದ್ದು ಕೇಳಿಸಿಕೊಂಡು "ಅಕ್ಕಾರ, ನೀವು ಕನ್ನಡದವರೇನ್ರಿ?" ಅಂದ. 1098ರವರು ಕೇಳಿದ್ದು ಸ್ವಲ್ಪವೇ. ಮಗು ಎಲ್ಲಿದೆ, ವಯಸ್ಸೆಷ್ಟು, ಪೆಟ್ಟಾಗಿದೆಯಾ, ಜೊತೆಗೆ ಯಾರಾದರೂ ಇದ್ದಾರಾ. ಅಲ್ಲೇ ರೈಲ್ವೆ ರಕ್ಷಣಾ ದಳದವರ ಹತ್ತಿರ ಕೂರಿಸಿ, ಬರುತ್ತೇವೆ ಅಂದರು. ಬಂದರು. ನಾನು ಯಾರು, ಯಾಕೆ ಅಂತ ಜೀವ ತಿನ್ನಲಿಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಕೇಸು, ಸಾಕ್ಷಿ, ಕೋರ್ಟು ಅಂತ ಹೆದರಿ ಎಷ್ಟೋ ಜನ ಬಿಸ್ಕತ್ತು ಕೊಡಿಸಿ ಸುಮ್ನೆ ಹೊರಟುಬಿಡುತ್ತಾರೆ. 2015ರ ಬಾಲನ್ಯಾಯ ಕಾಯ್ದೆ ಹೇಳುವುದು ಬೇರೆ. ದಿಕ್ಕಿಲ್ಲದ ಮಗು ಕಂಡರೆ 24 ಗಂಟೆಯೊಳಗೆ 1098ಕ್ಕೋ ಪೊಲೀಸರಿಗೋ ತಿಳಿಸಬೇಕು, ತಿಳಿಸದಿದ್ದರೇ ಅಪರಾಧ. ಹಾಗೆಯೇ ಮಗುವಿನ ಫೋಟೋ, ಹೆಸರು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ, ಆದರೆ ಅದಕ್ಕೂ ಕಾನೂನು ಬಿಡುವುದಿಲ್ಲ.

ಈ ಸೇವೆ ಹುಟ್ಟಿದ್ದು ಮುಂಬೈಯಲ್ಲೇ. 1996ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದ ಜೆರೂ ಬಿಲಿಮೋರಿಯಾ ಬೀದಿ ಮಕ್ಕಳಿಗಾಗಿ ಇದನ್ನು ಶುರು ಮಾಡಿದರು. ಹತ್ತು, ಒಂಬತ್ತು, ಎಂಟು ಅಂತ ಇಳಿಯುವ ಎಣಿಕೆ, ಓದು ಬಾರದ ಮಗುವಿಗೂ ನೆನಪಿರುತ್ತದೆ. ಅದಕ್ಕೂ ಮುಂಚೆ ಇದೇ ಊರಿನಲ್ಲಿ ಮಕ್ಕಳಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಗೋಡೆ ಮತ್ತು ಬೀಗ. ಡೇವಿಡ್ ಸಸೂನ್ ಹೆಸರಿನ ಸುಧಾರಣಾ ಶಾಲೆ 1857ರದ್ದು. 1924ರಲ್ಲಿ ಬಾಂಬೆ ಮಕ್ಕಳ ಕಾಯ್ದೆ ಬಂತು, 1927ರಲ್ಲಿ ಮಕ್ಕಳ ಗೃಹಗಳನ್ನು ನಡೆಸುವ ಚಿಲ್ಡ್ರನ್ಸ್ ಏಡ್ ಸೊಸೈಟಿ. ಡೋಂಗ್ರಿಯ ಮಕ್ಕಳ ಗೃಹ ಇರುವುದು ಹಳೇ ಜೈಲಿನಲ್ಲಿ. 1882ರಲ್ಲಿ ತಿಲಕರನ್ನೂ ಅವರ ಜೊತೆಗಾರ ಅಗರ್ಕರರನ್ನೂ 101 ದಿನ ಇಟ್ಟಿದ್ದ ಜೈಲು ಅದು. ಮನೆ ಬಿಟ್ಟು ಬಂದ ಮಗುವನ್ನೂ ಕದ್ದು ಸಿಕ್ಕಿಬಿದ್ದವನನ್ನೂ ಒಂದೇ ಕಡೆ ಇಡುವುದು ಬಹಳ ಕಾಲ ನಡೆಯಿತು. 2000ದ ಬಾಲನ್ಯಾಯ ಕಾಯ್ದೆ ಇಬ್ಬರಿಗೂ ಬೇರೆ ಬೇರೆ ಮನೆ ಇರಬೇಕು ಅಂದಿತು. ಇಂಥ ಊರಿನಲ್ಲಿ, ಮಗುವೇ ಕರೆದರೆ ಹುಡುಕಿಕೊಂಡು ಬರುತ್ತೇವೆ ಅನ್ನುವ ವ್ಯವಸ್ಥೆ ಬಂದದ್ದು ಎಷ್ಟು ದೊಡ್ಡದು, ಅಲ್ವಾ?

ನಮ್ಮವರಿಗೆ ಇದು ಹೊರಗಿನ ವಿಷಯವೂ ಅಲ್ಲ. ಕರಾವಳಿಯಿಂದ ಓಡಿ ಬಂದ ಹುಡುಗರು ಇಲ್ಲಿನ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ಅಲ್ಲೇ ಮಲಗಿ, ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಅವರಲ್ಲಿ ಕೆಲವರು ತಾವೇ ಹೋಟೆಲ್ ಇಟ್ಟರು. ಆ ಕಥೆ ಹೇಳುವಾಗ ಕಳೆದುಹೋದ ಹುಡುಗರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನನಗೆ ಅದು ಸರಿ ಕಾಣುವುದಿಲ್ಲ. ಹದಿನಾಲ್ಕರ ಒಳಗಿನವರನ್ನು ಹೋಟೆಲ್ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ.

ಈಗ ದೂರು. 24 ಗಂಟೆಯೊಳಗೆ ಹುಡುಗ, ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದ, ಅಲ್ಲಿಂದ ಒಂದು ಆಶ್ರಯಧಾಮಕ್ಕೆ. ಊಟ, ಹಾಸಿಗೆ, ಡಾಕ್ಟರು ಎಲ್ಲ ಇತ್ತು. ಆದರೆ ಅವನಿಗೆ ಬರುತ್ತಿದ್ದದ್ದು ಕನ್ನಡ ಒಂದೇ, ಅಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ವಿಜಯಪುರ ಜಿಲ್ಲೆಯ ಒಂದು ತಾಲೂಕಿನ ಹೆಸರು ಹೇಳಿದ್ದಾನೆ, ಬರೆದುಕೊಂಡವರು ಅದನ್ನು ತಪ್ಪಾಗಿ ಕೇಳಿ ಮಹಾರಾಷ್ಟ್ರದ ಸಿಂಧುದುರ್ಗ ಅಂತ ಬರೆದಿದ್ದಾರೆ. ವಿಚಾರಣೆಯ ಪತ್ರ ಕೊಂಕಣಕ್ಕೆ ಹೋಯಿತು. ಅಷ್ಟು ದಿನ ಆ ಮಗು ಮಾತೇ ಬಿಟ್ಟಿತ್ತಂತೆ. ಫೋನಿನಲ್ಲಾದರೂ ಒಬ್ಬ ಕನ್ನಡದವರು ಎರಡು ಮಾತಾಡಿದ್ದರೆ ಮೊದಲ ದಿನವೇ ಮುಗಿಯುವ ಕೆಲಸ ಅದು. ಆಮೇಲೆ ಸರಿಹೋಯಿತು, ಅವನ ಜಿಲ್ಲೆಯ ಸಮಿತಿಗೇ ಕಳಿಸಿದರು. ಸಿಬ್ಬಂದಿಯನ್ನು ನಾನು ಬೈಯುವುದಿಲ್ಲ, ಕೆಲಸ ಜಾಸ್ತಿ, ಜನ ಕಡಿಮೆ.

ಇನ್ನೊಂದು ಆತಂಕ. ಮೊದಲು ಈ ಸೇವೆ ನಡೆಸುತ್ತಿದ್ದದ್ದು ಸ್ವಯಂಸೇವಾ ಸಂಸ್ಥೆಗಳು, 60 ನಿಮಿಷದೊಳಗೆ ಮಗುವನ್ನು ತಲುಪಬೇಕು ಅನ್ನುವುದು ಅವರ ಗುರಿ. 2023ರಿಂದ ಇದು ಸರ್ಕಾರದ ಕೈಯಲ್ಲಿದೆ, ಪೊಲೀಸರನ್ನು ಕರೆಯುವ ತುರ್ತು ನಂಬರ್ 112ಕ್ಕೂ ಜೋಡಿಸಿದ್ದಾರೆ. ತುರ್ತಿಗೆ ಒಳ್ಳೆಯದೇ. ಆದರೆ ಬೀದಿಯ ಮಕ್ಕಳಿಗೆ ಖಾಕಿ ಕಂಡರೆ ಭಯ. ಆ ಭಯದಿಂದ ಅವರು ಕರೆಯೇ ಮಾಡದ ಹಾಗೆ ಆಗಬಾರದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದನ್ನು ತುಂಬುವುದು ನಮ್ಮ ಕೈಯಲ್ಲೂ ಇದೆ. ಸಮಿತಿಗಳು ದುಭಾಷಿಗಳ ನೆರವು ಪಡೆಯಲು ನಿಯಮದಲ್ಲೇ ಅವಕಾಶವಿದೆ. ಮುಂಬೈ, ಪುಣೆಯ ಕನ್ನಡ ಸಂಘಗಳು ಫೋನಿನಲ್ಲಿ ಮಾತಾಡಿಕೊಡಬಲ್ಲ ನಾಲ್ಕಾರು ಜನರ ಹೆಸರು ಬರೆದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಲಿ. ಉತ್ತರ ಕರ್ನಾಟಕದ ಮಾತು ಚೆನ್ನಾಗಿ ಬಲ್ಲವರು ಅದರಲ್ಲಿ ಇರಲೇಬೇಕು, ತುಳು ಬಲ್ಲವರು ಒಬ್ಬರಾದರೂ ಇರಲಿ. ನಾನು ನಮ್ಮ ಸಂಘದಲ್ಲಿ ಅರ್ಜಿ ಕೊಟ್ಟಿದ್ದೇನೆ, ನೀವೂ ನಿಮ್ಮಲ್ಲಿ ಕೇಳಿ ನೋಡಿ.