ವಿಂಡೋಸ್ ಸೆಕ್ಯುರಿಟಿ: ಕಾವಲು ಗಟ್ಟಿ, ಕೂಗು ಅವಸರದ್ದು

ವಿಂಡೋಸ್ 10 ಮತ್ತು 11ರ ಜೊತೆಗೇ ಬರುವ ಫೈರ್‌ವಾಲ್ (ನೆಟ್‌ವರ್ಕ್‌ನ ಬೇಡದ ಸಂಪರ್ಕ ತಡೆಯುವ ಕಾವಲು) ಮನೆ ಬಳಕೆಗೆ ಧಾರಾಳ ಸಾಕು. ತಲೆನೋವೆಲ್ಲ ಅದರ ಸ್ಥಿತಿ ತಿಳಿಸುವ ಸೆಕ್ಯುರಿಟಿ ಸೆಂಟರ್‌ನದು. ಬೇರೆ ಕಂಪನಿಯ ಫೈರ್‌ವಾಲ್ ಹಾಕಿದ್ದರೆ, ಬೂಟ್ ಆಗುವಾಗ ಅದು ತನ್ನ ಹಾಜರಿ ಹಾಕುವಷ್ಟರಲ್ಲೇ 'ಫೈರ್‌ವಾಲ್ ಆಫ್ ಆಗಿದೆ' ಎಂಬ ಸಂದೇಶ ಬಂದುಬಿಡಬಹುದು. ಎರಡು-ಮೂರು ನಿಮಿಷ ಬಿಟ್ಟು ವಿಂಡೋಸ್ ಸೆಕ್ಯುರಿಟಿ ಆ್ಯಪ್‌ನಲ್ಲಿ ಫೈರ್‌ವಾಲ್ ಪುಟ ತೆರೆಯಿರಿ. ಆನ್ ಎಂದಿದ್ದರೆ ಎಚ್ಚರಿಕೆ ಸುಳ್ಳು.

ಆಗಲೂ ಕೆಂಪು ಗುರುತೇ? ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನು ತೋರಿಸುವ ಸರ್ವೀಸಸ್ ಪಟ್ಟಿಯಲ್ಲಿ ಬೇಸ್ ಫಿಲ್ಟರಿಂಗ್ ಎಂಜಿನ್ ನೋಡಿ: ಅದು ನಿಂತಿದ್ದರೆ ಫೈರ್‌ವಾಲೂ ಏಳುವುದಿಲ್ಲ. ತೆಗೆದುಹಾಕಿದ ಆಂಟಿವೈರಸ್‌ನ ಹೆಸರು ಸೆಕ್ಯುರಿಟಿ ಸೆಂಟರ್‌ನಲ್ಲಿ ಉಳಿದಿದ್ದರೂ ಕಾಟ ಕೊಡುತ್ತದೆ. ಆ ಕಂಪನಿಯದೇ ರಿಮೂವಲ್ ಟೂಲ್ ಓಡಿಸಿ ರೀಸ್ಟಾರ್ಟ್ ಮಾಡಿ. ನೋಟಿಫಿಕೇಶನ್ ಬಂದ್ ಮಾಡುವುದು ಮಾತ್ರ ಬೇಡ, ನಿಜವಾದದ್ದೂ ಕಾಣದು. ಅಂದಹಾಗೆ, ಎಚ್ಚರಿಕೆಯಲ್ಲಿ ಫೋನ್ ನಂಬರ್ ಇದ್ದರೆ ಅದು ವಿಂಡೋಸ್‌ನದಲ್ಲ, ಮೋಸಗಾರರದು.