ಎರಡು ಸುತ್ತು ಕಳೆದ ರೈಲು: ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್

‘ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು’ ಎಂಬ ಗಾದೆ ಯಾವ ಕಾಲದಲ್ಲಿ ಹುಟ್ಟಿತೋ ತಿಳಿಯದು. ಬೆಂಗಳೂರಿನಿಂದ ಕುಂದಾಪುರಕ್ಕೆ ರೈಲಿನಲ್ಲಿ ಹೋಗಬಯಸುವ ನಮ್ಮಂಥವರಿಗೆ ಮಾತ್ರ ಅದು ಬಹುಕಾಲ ಒಪ್ಪುವಂತಿತ್ತು. ಪ್ರತಿದಿನ ಸಂಜೆ ಬೆಂಗಳೂರಿನಿಂದ ಹೊರಟು ಮರುದಿನ ಬೆಳಿಗ್ಗೆ ಕಾರವಾರ ಸೇರುವ 16595 ಸಂಖ್ಯೆಯ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಕೆಲವು ವರ್ಷಗಳಿಂದ ಹಬ್ಬಹರಿದಿನಗಳಿಗೆಂದು ಊರಿಗೆ ಹೋಗಿಬರುತ್ತಿದ್ದೇನೆ. ಬೋಗಿಯ ಸ್ವಚ್ಛತೆ, ಹಾಸಿಗೆ, ಚಹಾ ಇವುಗಳ ವಿಷಯದಲ್ಲಿ ಇದು ಬೇರೆ ಯಾವುದೇ ರಾತ್ರಿ ರೈಲಿನಂತೆಯೇ ಇದೆ. ಇದರ ನಿಜವಾದ ಗುಣ ಇರುವುದು ಅದು ಹಿಡಿಯುವ ದಾರಿಯಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಅದು ಬಿಟ್ಟುಕೊಟ್ಟ ದಾರಿಯಲ್ಲಿ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ತೆಂಕಣ ದಿಕ್ಕಿನಿಂದ, ಮಲಬಾರಿನ ಶೊರನೂರಿನ ಕಡೆಯಿಂದ. ಘಟ್ಟದ ಮೇಲಿನ ಹಾಸನ ಕಣ್ಣಳತೆಯ ದೂರದಲ್ಲಿದ್ದಂತೆ ನಕ್ಷೆಯಲ್ಲಿ ಕಂಡರೂ, ಬೆಂಗಳೂರಿಗೆ ರೈಲಿನಲ್ಲೇ ಹೋಗಬೇಕೆನ್ನುವವರು ಶೊರನೂರು, ಪಾಲಕ್ಕಾಡು, ಈರೋಡು, ಸೇಲಂ, ಜೋಲಾರಪೇಟೆಗಳನ್ನು ಹಾದು, ಎಂಟುನೂರು ಕಿಲೋಮೀಟರ್‌ಗಳಷ್ಟು ಸುತ್ತಿ, ಎರಡು ನೆರೆರಾಜ್ಯಗಳನ್ನು ದಾಟಿ ತಮ್ಮದೇ ರಾಜ್ಯದ ರಾಜಧಾನಿಯನ್ನು ತಲುಪಬೇಕಿತ್ತು. ಹಾಸನ–ಮಂಗಳೂರು ನಡುವಿನ 189 ಕಿಲೋಮೀಟರ್‌ಗಳ ಮೀಟರ್‌ಗೇಜ್ ಹಳಿ 1979ರಲ್ಲಿ ಪೂರ್ಣವಾದಾಗ ಆ ಸುತ್ತು ತಪ್ಪಿತು. ಆದರೆ 1996ರಲ್ಲಿ ಬ್ರಾಡ್‌ಗೇಜ್ ಪರಿವರ್ತನೆಗೆಂದು ಆ ಮಾರ್ಗವನ್ನು ಮುಚ್ಚಲಾಯಿತು. ಗೂಡ್ಸ್ ರೈಲುಗಳು 2006ರಲ್ಲಿ ಮರಳಿದವು, ಪ್ರಯಾಣಿಕರ ರೈಲು ಮರಳಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷಗಳ ಆ ಅವಧಿಯಲ್ಲಿ ನಮ್ಮ ಕಡೆಯ ಒಂದು ಪೀಳಿಗೆಯೇ ರೈಲನ್ನು ಮರೆತು ರಾತ್ರಿ ಬಸ್ಸಿಗೆ ಒಗ್ಗಿಹೋಯಿತು. ಬೆಂಗಳೂರು ಎಂದರೆ ಶಿರಾಡಿ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವುದು ಎಂದೇ ನನ್ನ ತಂಗಿ ಇಂದಿಗೂ ತಿಳಿದಿದ್ದಾಳೆ.

ರೈಲು ಮರಳಿ ಬಂದ ಮೇಲೂ ಕುಂದಾಪುರದವರ ಪಾಲಿಗೆ ಎರಡು ಸುತ್ತುಗಳು ಉಳಿದಿದ್ದವು. ಮೊದಲನೆಯದು ಘಟ್ಟದ ಮೇಲೆ. ಕಾರವಾರದ ಬೋಗಿಗಳಿದ್ದ ರಾತ್ರಿ ರೈಲು ಬೆಂಗಳೂರಿನಿಂದ ಮೈಸೂರಿಗೆ ಇಳಿದು, ಅಲ್ಲಿಂದ ಹೊಳೆನರಸೀಪುರದ ಮೂಲಕ ಹಾಸನಕ್ಕೆ ಏರುತ್ತಿತ್ತು. ಮೈಸೂರಿನವರಿಗೆ ಅದರಿಂದ ಅನುಕೂಲವಾಗಿದ್ದು ನಿಜ, ಅವರಿಗೂ ಕರಾವಳಿಯ ರೈಲು ಬೇಕು. ಆದರೆ ಬೆಂಗಳೂರಿನಲ್ಲಿ ಹತ್ತಿದವನು ಹಾಸನ ಸೇರಲು ಸುಮಾರು 255 ಕಿಲೋಮೀಟರ್ ಕ್ರಮಿಸಬೇಕಾಗುತ್ತಿತ್ತು. ಅರಸೀಕೆರೆಯ ಮೂಲಕ ಹೋದರೂ ಇನ್ನೂರಕ್ಕಿಂತ ಕಡಿಮೆಯಾಗುತ್ತಿರಲಿಲ್ಲ. ಚಿಕ್ಕಬಾಣಾವರದಿಂದ ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಹಾಸನಕ್ಕೆ ಹೋಗುವ ಹೊಸ ಹಳಿ 2017ರಲ್ಲಿ ತೆರೆದ ನಂತರವೇ ನೇರ ದಾರಿ ದೊರೆತದ್ದು. ಪಂಚಗಂಗಾ ಹಿಡಿಯುವುದು ಅದನ್ನೇ.

ಎರಡನೆಯ ಸುತ್ತು ಮಂಗಳೂರಿನಲ್ಲಿತ್ತು, ಹೆಚ್ಚು ಬೇಸರ ತರಿಸುತ್ತಿದ್ದದ್ದೂ ಅದೇ. ಹಾಸನದ ಕಡೆಯಿಂದ ಬರುವ ಹಳಿ ಪಡೀಲಿನಲ್ಲಿ ಕವಲೊಡೆಯುತ್ತದೆ: ಒಂದು ಕವಲು ಮಂಗಳೂರು ಜಂಕ್ಷನ್ ಮತ್ತು ಸೆಂಟ್ರಲ್ ನಿಲ್ದಾಣಗಳತ್ತ, ಇನ್ನೊಂದು ಕುಲಶೇಖರದ ಸುರಂಗವನ್ನು ಹೊಕ್ಕು ಜೋಕಟ್ಟೆ, ಸುರತ್ಕಲ್‌ಗಳತ್ತ. ಹಳೆಯ ರೈಲು ಮೊದಲ ಕವಲನ್ನು ಹಿಡಿದು, ಹಳಿ ಕೊನೆಗೊಳ್ಳುವ ಸೆಂಟ್ರಲ್ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ರೈಲು ಎರಡು ತುಂಡಾಗಿ ಒಂದು ಕಣ್ಣೂರಿಗೂ ಇನ್ನೊಂದು ಕಾರವಾರಕ್ಕೂ ಹೊರಡಬೇಕು. ಇಂಜಿನ್ ಇನ್ನೊಂದು ತುದಿಗೆ ಬರಬೇಕು. ಆಮೇಲೆ ಬಂದ ಹಳಿಯಲ್ಲೇ ಹಿಂದಕ್ಕೆ ಸಾಗಿ ಬಡಗಣ ದಿಕ್ಕಿಗೆ ತಿರುಗಬೇಕು. ಮಂಗಳೂರಿನಲ್ಲಿ ಇಳಿಯುವವರು ಮನೆ ಸೇರಿ ಸ್ನಾನ ಮುಗಿಸುವ ಹೊತ್ತಿಗೂ ಉಡುಪಿ, ಕುಂದಾಪುರದವರು ಅದೇ ಪ್ಲಾಟ್‌ಫಾರ್ಮಿನಲ್ಲಿ ಇಂಜಿನ್ನಿನ ದಾರಿ ಕಾಯುತ್ತಿದ್ದರು. ಪಡೀಲಿನಿಂದ ನೇರವಾಗಿ ಸುರತ್ಕಲ್ಲಿಗೆ ಹೋಗುವ ರೈಲು ಕೊಡಿ ಎಂದು ಕರಾವಳಿಯ ಪ್ರಯಾಣಿಕರ ಸಮಿತಿಗಳು ವರ್ಷಗಟ್ಟಲೆ ಕೇಳಿದ ಮೇಲೆ, 2020ರ ಮಾರ್ಚ್‌ನಲ್ಲಿ ಯಶವಂತಪುರದಿಂದ ವಾಸ್ಕೋವರೆಗೆ ಅಂಥದೊಂದು ರೈಲು ಉದ್ಘಾಟನೆಯಾಯಿತು. ಕೆಲವೇ ದಿನಗಳಲ್ಲಿ ಕೊರೊನಾ ಬಂದು ಎಲ್ಲ ರೈಲುಗಳೂ ನಿಂತವು. ಅದು ಮತ್ತೆ ಓಡತೊಡಗಿದಾಗ ಕೊನೆಯ ನಿಲ್ದಾಣ ಕಾರವಾರವಾಗಿತ್ತು. ಪಂಚಗಂಗಾ ಎಂಬ ಹೆಸರು ಬಂದದ್ದು ಆ ಬಳಿಕ. ಗಂಗೊಳ್ಳಿಯ ಬಳಿ ಐದು ಹೊಳೆಗಳು ಕೂಡಿ ಕಡಲು ಸೇರುವ ಪಂಚಗಂಗಾವಳಿಯನ್ನು ನೆನಪಿಸುವ ಈ ಹೆಸರು ನಮಗೆ ಹಿಡಿಸಿತು.

ಈಗ ಬಂಟ್ವಾಳದ ನಂತರ ಎಚ್ಚರವಾದರೆ, ರೈಲು ನಿಲ್ಲದೆ ಪಡೀಲನ್ನು ದಾಟಿ ಸುರಂಗ ಹೊಕ್ಕಿರುತ್ತದೆ. ಮಂಗಳೂರಿನವರಿಗೆ ಇದು ನಿರುಪಯೋಗಿ ರೈಲು ಎಂಬುದನ್ನು ಒಪ್ಪುತ್ತೇನೆ. ಅವರಿಗೆ ಕಣ್ಣೂರಿನ ರಾತ್ರಿ ರೈಲು ಇದೆ. ಎಲ್ಲರನ್ನೂ ಒಂದೇ ರೈಲಿನಲ್ಲಿ ತೃಪ್ತಿಪಡಿಸಲು ಹೊರಟದ್ದರಿಂದಲೇ ಹಿಂದಿನ ಸುತ್ತುಗಳು ಹುಟ್ಟಿಕೊಂಡವು ಎಂಬುದು ನನ್ನ ಅಭಿಪ್ರಾಯ.

ದಾರಿ ನೇರವಾದರೂ ಘಟ್ಟ ಘಟ್ಟವೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್‌ಗಳಲ್ಲಿ 57 ಸುರಂಗಗಳಿವೆ, ಇಳಿಜಾರು ಐವತ್ತು ಅಡಿಗೆ ಒಂದು ಅಡಿಯಷ್ಟು. ರೈಲಿಗೆ ಬ್ಯಾಂಕರ್ ಇಂಜಿನ್‌ಗಳ, ಅಂದರೆ ಘಟ್ಟದಲ್ಲಿ ನೆರವಿಗೆ ಜೋಡಿಸುವ ಹೆಚ್ಚುವರಿ ಇಂಜಿನ್‌ಗಳ, ಆಸರೆ ಬೇಕು. ನಡುರಾತ್ರಿಯ ನಂತರ ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಶಿರಿಬಾಗಿಲುಗಳು ಕತ್ತಲಲ್ಲೇ ಕಳೆದುಹೋಗುವುದರಿಂದ, ಘಟ್ಟದ ಸೊಬಗನ್ನು ನೋಡುವ ಆಸೆಯಿದ್ದವರು ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿಯಿರುವ ಹಗಲಿನ ರೈಲನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆ ಹಗಲಿನ ರೈಲುಗಳನ್ನು ವಿದ್ಯುದೀಕರಣದ ಕಾಮಗಾರಿಗೆಂದು 2025ರಲ್ಲಿ ತಿಂಗಳುಗಟ್ಟಲೆ ರದ್ದುಪಡಿಸಿದ್ದಾಗಲೂ ರಾತ್ರಿಯ ಪಂಚಗಂಗಾ ಓಡುತ್ತಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು.

ಮಳೆಗಾಲದ ಮಾತೇ ಬೇರೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಈ ಮಾರ್ಗ ಮುಚ್ಚಿಹೋಯಿತು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿದಾಗ ಕೆಲವು ರೈಲುಗಳು ರದ್ದಾದವು. ಕಣ್ಣೂರು–ಬೆಂಗಳೂರು ರೈಲನ್ನು ಶೊರನೂರು, ಸೇಲಂಗಳ ಮೂಲಕ, ಅಂದರೆ ಅಜ್ಜನ ಕಾಲದ ಅದೇ ದಾರಿಯಲ್ಲಿ ಕಳುಹಿಸಲಾಯಿತು. ಆದ್ದರಿಂದ ಜುಲೈ, ಆಗಸ್ಟ್‌ಗಳಲ್ಲಿ ಟಿಕೆಟ್ ಮಾಡಿಸಿದವರು ಹೊರಡುವ ದಿನ ರೈಲಿನ ಸ್ಥಿತಿಯನ್ನು ನೋಡಿಕೊಂಡೇ ಮನೆ ಬಿಡಬೇಕು.

ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಚೌತಿ, ದೀಪಾವಳಿಗಳಿಗೆ ಟಿಕೆಟ್ ಬೇಕಾದರೆ ಮುಂಗಡ ಬುಕಿಂಗ್ ತೆರೆದ ಬೆಳಿಗ್ಗೆಯೇ ಕೂರಬೇಕು, ತತ್ಕಾಲ್ ನಂಬಿ ಕಾಯುವಂತಿಲ್ಲ. ಊಟವನ್ನು ಮನೆಯಿಂದ ಕಟ್ಟಿಕೊಂಡು ಹೋಗುವುದೇ ಮೇಲು. ಒಮ್ಮೆ ಮೊಬೈಲಿನಲ್ಲಿ ತರಿಸಿಕೊಂಡ ಚಪಾತಿ ಕೈಸೇರುವಷ್ಟರಲ್ಲಿ ತಣ್ಣಗಾಗಿ ಹಪ್ಪಳದಂತಾಗಿತ್ತು. ಕುಂದಾಪುರದ ನಿಲ್ದಾಣ ಇರುವುದು ಪೇಟೆಯಲ್ಲಲ್ಲ, ಮೂಡ್ಲಕಟ್ಟೆಯಲ್ಲಿ. ಪೇಟೆಗೆ ಇನ್ನೂ ಕೆಲವು ಕಿಲೋಮೀಟರ್ ಹೋಗಬೇಕು. ರೈಲಿಳಿದವರೆಲ್ಲ ಒಟ್ಟಿಗೆ ರಿಕ್ಷಾಗಳತ್ತ ನುಗ್ಗುವುದರಿಂದ, ಲಗೇಜು ಹೆಚ್ಚಿದ್ದರೆ ಬಾರ್ಕೂರು ದಾಟಿದ ಕೂಡಲೇ ಪರಿಚಯದ ರಿಕ್ಷಾದವರಿಗೆ ಒಂದು ಫೋನ್ ಮಾಡಿಟ್ಟುಕೊಳ್ಳಿ.